ಗೊಬ್ಬರದೊಳಗಿನ ಕಳೆನಾಶಕ: ನನ್ನ ಅನುಭವ

ಟೊಮೆಟೊ ಸಸಿ ನೆಟ್ಟು ಮೂರು ವಾರವಾಗಿತ್ತು. ಒಂದು ಬೆಳಿಗ್ಗೆ ನೋಡಿದರೆ ಕುಡಿ ಎಲೆಗಳು ಬಟ್ಟಲಿನಂತೆ ಒಳಕ್ಕೆ ಮುದುಡಿ, ಜರೀಗಿಡದ ಚಿಗುರಿನ ಹಾಗೆ ಸುರುಳಿ ಸುತ್ತಿದ್ದವು. ಕೆಳಗಿನ ಹಳೆಯ ಎಲೆಗಳಿಗೆ ಏನೂ ಆಗಿರಲಿಲ್ಲ. ಮುದುಡು ರೋಗವೆಂದುಕೊಂಡು, ಅದನ್ನು ಹರಡುವ ಬಿಳಿನೊಣಕ್ಕಾಗಿ ಎಲೆಗಳ ಅಡಿಯನ್ನೆಲ್ಲ ಹುಡುಕಿದೆ. ಒಂದೂ ಸಿಗಲಿಲ್ಲ. ಪಕ್ಕದ ಪಾತಿಯ ಬೀನ್ಸ್ ಕೂಡ ಹಾಗೆಯೇ ತಿರುಚಿಕೊಂಡಿತ್ತು. ಅದೇ ಗೊಬ್ಬರ ಉಂಡ ಮುಸುಕಿನ ಜೋಳ ಮಾತ್ರ ಕಡುಹಸಿರಾಗಿ ನಿಂತಿತ್ತು. ನನಗೆ ಅನುಮಾನ ಹುಟ್ಟಿದ್ದು ಆ ಜೋಳವನ್ನು ನೋಡಿ.

ಗೊಬ್ಬರ ನಾನೇ ಮಾಡಿದ್ದು. ಹೊರಗಿನಿಂದ ತಂದದ್ದು ಒಣಹುಲ್ಲು ಮತ್ತು ಸಗಣಿ. ಹುಲ್ಲುಗಾವಲಿನಲ್ಲಿ ಅಗಲ ಎಲೆಯ ಕಳೆ ಕೊಲ್ಲಲು ಅಮಿನೊಪೈರಲಿಡ್, ಕ್ಲೋಪೈರಲಿಡ್, ಪಿಕ್ಲೋರಾಮ್‌ನಂಥ ಔಷಧ ಸಿಂಪಡಿಸುತ್ತಾರೆ. ಹುಲ್ಲಿಗೆ ಅದರಿಂದ ತೊಂದರೆಯಿಲ್ಲ, ಜೋಳವೂ ಹುಲ್ಲಿನ ಜಾತಿಯೇ. ಆ ಹುಲ್ಲನ್ನು ಹಸು ಮೇಯ್ದರೂ ಔಷಧ ಹೊಟ್ಟೆಯಲ್ಲಿ ಕರಗದೆ ಸಗಣಿ, ಗಂಜಲದಲ್ಲಿ ಹೊರಬರುತ್ತದೆ. ನನ್ನ ಗುಡ್ಡೆ 60 ಡಿಗ್ರಿವರೆಗೆ ಕಾದಿತ್ತು. ಆ ಶಾಖಕ್ಕೆ ಕಳೆಬೀಜ, ರೋಗಾಣು ಸಾಯುತ್ತವೆ, ಈ ನಂಜು ಜಗ್ಗುವುದಿಲ್ಲ. ನೂರು ಕೋಟಿಯಲ್ಲಿ ಕೆಲವೇ ಭಾಗ ಉಳಿದರೂ ಟೊಮೆಟೊ, ಬೀನ್ಸ್, ಬಟಾಣಿ ಕೆಡುತ್ತವೆ. ಮನೆತೋಟಗಳು ಹೀಗೆ ಹಾಳಾದ ದೂರುಗಳು ಬಂದ ಮೇಲೆ 2008ರಲ್ಲಿ ಬ್ರಿಟನ್ ಅಮಿನೊಪೈರಲಿಡ್ ಮಾರಾಟವನ್ನೇ ಕೆಲಕಾಲ ತಡೆಹಿಡಿದಿತ್ತು.

ಖಚಿತಪಡಿಸಿಕೊಳ್ಳಲು ಆರು ಕುಂಡ ತೆಗೆದುಕೊಂಡೆ. ಮೂರಕ್ಕೆ ನನ್ನ ಗೊಬ್ಬರವನ್ನೂ ಶುದ್ಧ ಮಣ್ಣನ್ನೂ ಸಮಸಮ ಬೆರೆಸಿ ತುಂಬಿದೆ, ಉಳಿದ ಮೂರಕ್ಕೆ ಬರೀ ಶುದ್ಧ ಮಣ್ಣು. ಪ್ರತಿಯೊಂದರಲ್ಲಿ ಮೂರು ಬೀನ್ಸ್ ಬೀಜ. ಒಂದರ ನೀರು ಇನ್ನೊಂದಕ್ಕೆ ಸೋರದಂತೆ ಬೇರೆ ಬೇರೆ ತಟ್ಟೆಯಲ್ಲಿಟ್ಟೆ. ಇದನ್ನು ಮರೆತರೆ ಪರೀಕ್ಷೆಯೇ ವ್ಯರ್ಥ. ಮೊದಲ ಜೋಡಿ ಎಲೆ ಎಲ್ಲದರಲ್ಲೂ ಚೆನ್ನಾಗಿಯೇ ಬಂತು. ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳಬಾರದು. ಮೂರು ಎಸಳಿನ ಎಲೆ ಮೂಡುವ ಹೊತ್ತಿಗೆ ಗೊಬ್ಬರದ ಕುಂಡಗಳಲ್ಲಿ ಅಂಚು ಮಡಚಿ, ನರಗಳು ಒತ್ತೊತ್ತಾಗಿ, ಕಾಂಡ ಓರೆಯಾಯಿತು. ಮೂರನೆಯ ವಾರಕ್ಕೆ ಸಂಶಯ ಉಳಿಯಲಿಲ್ಲ. ಎರಡು ವರ್ಷ ಕೈಯಾರೆ ಮಗುಚಿದ ಗೊಬ್ಬರವದು, ತುಂಬಾ ಸಂಕಟವಾಯಿತು.

ಉಳಿದದ್ದನ್ನು ಯಾರಿಗೂ ಕೊಡಲಿಲ್ಲ. ಈ ನಂಜನ್ನು ನಿಧಾನವಾಗಿ ಒಡೆಯುವುದು ಮಣ್ಣಿನ ಸೂಕ್ಷ್ಮಜೀವಿಗಳು. ಗಾಳಿಯಾಡದ ಗುಡ್ಡೆಯಲ್ಲಿ ಅವುಗಳ ಕೆಲಸ ಸಾಗದು. ಹಾಗಾಗಿ ಹುಲ್ಲು ಬೆಳೆಯುವ ಮೂಲೆಯೊಂದರಲ್ಲಿ ಅದನ್ನು ತೆಳ್ಳಗೆ ಹರಡಿದೆ. ಕೆಟ್ಟ ಪಾತಿಗಳನ್ನು ಆಗಾಗ ಅಗೆದು, ತೇವವಿಟ್ಟು, ಜೋಳ ಹಾಕಿದೆ. ಅದರ ದಂಟನ್ನು ಮಾತ್ರ ಗೊಬ್ಬರದ ಗುಂಡಿಗೆ ಮರಳಿಸಲಿಲ್ಲ. ಮರುವರ್ಷ ಮತ್ತೆ ಕುಂಡಗಳಲ್ಲಿ ಬೀನ್ಸ್ ಪರೀಕ್ಷೆ ಮಾಡಿದಾಗ ಎಲೆ ಸಪಾಟಾಗಿ ಬಿಚ್ಚಿಕೊಂಡಿತು. ಆಮೇಲೆಯೇ ಟೊಮೆಟೊ ನೆಟ್ಟದ್ದು.

ಈಗ ಹುಲ್ಲು ಕೊಡುವವರನ್ನು ಏನು ಸಿಂಪಡಿಸಿದ್ದೀರಿ ಎಂದು ಕೇಳುತ್ತೇನೆ. ಗೊತ್ತಿಲ್ಲವೆಂದರೆ ಒಂದು ಬುಟ್ಟಿಯಷ್ಟೇ ತಂದು ಕುಂಡದಲ್ಲಿ ಬೀನ್ಸ್ ಹಾಕುತ್ತೇನೆ. ಆ ಮೂರು ವಾರ ಉಳಿದ ಹುಲ್ಲು ಅವರಲ್ಲೇ ಇರುತ್ತದೆ.