ಒಂದೇ ಟ್ಯಾಂಕು, ಎರಡು ಪೆಟ್ಟಿಗೆ: ಕಿಟ್ ಕಂಪನಿಗಳನ್ನು ನಾನು ಅಳೆದ ಬಗೆ

ಜನರಲ್ ತಿಮ್ಮಯ್ಯನವರು ಬೆಳೆದ ಮಡಿಕೇರಿಯ ಸನ್ನಿಸೈಡ್ ಮನೆ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತಲ್ಲ, ಅದರ ಹೊರಗೆ ಒಂದು ಟಿ-55 ಟ್ಯಾಂಕು ನಿಲ್ಲಿಸಿದ್ದಾರೆ. ಮನೆಯವರೆಲ್ಲ ಒಳಗೆ ಫೋಟೋ, ಪದಕ ನೋಡುತ್ತಿದ್ದರೆ ನಾನು ಟ್ಯಾಂಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದೆ. ಪ್ರತಿ ಬದಿಗೆ ಐದು ದೊಡ್ಡ ಚಕ್ರ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಉಳಿದವಕ್ಕಿಂತ ಹೆಚ್ಚು ಜಾಗ. ಉಕ್ಕಿನ ಟ್ರ್ಯಾಕನ್ನು ಮೇಲೆ ಹೊರಲು ಬೇರೆ ಸಣ್ಣ ಉರುಳೆಗಳಿಲ್ಲ. ಹಾಗಾಗಿ ಅದು ಚಕ್ರಗಳ ನೆತ್ತಿಯ ಮೇಲೇ ಮಲಗಿ, ಎರಡು ಚಕ್ರಗಳ ನಡುವೆ ಒದ್ದೆ ಬಟ್ಟೆ ಒಣಹಾಕಿದ ಹಗ್ಗದ ಹಾಗೆ ಜೋಲುತ್ತದೆ. ಈ ಜೋಲು ನನ್ನ ಮೇಜಿನ ಮೇಲೂ ಬರಬೇಕು ಅಂತ ಅವತ್ತೇ ಮನಸ್ಸಿಗೆ ಬಂತು.

ನನ್ನ ಹವ್ಯಾಸ ಪ್ಲಾಸ್ಟಿಕ್ ಭಾಗಗಳ ಕಿಟ್ ಜೋಡಿಸಿ ಟ್ಯಾಂಕುಗಳ ಪುಟ್ಟ ಮಾದರಿ ಕಟ್ಟುವುದು. ಯಾವ ಕಂಪನಿಯ ಕಿಟ್ ಚೆನ್ನಾಗಿರುತ್ತದೆ ಅಂತ ಹೊಸಬರು ಕೇಳುತ್ತಲೇ ಇರುತ್ತಾರೆ. ಪೆಟ್ಟಿಗೆಯ ಚಿತ್ರ, ಬೆಲೆ, ಭಾಗಗಳ ಸಂಖ್ಯೆ ನೋಡಿ ನಾನು ಹೇಳುವುದಿಲ್ಲ. ಮೊದಲು ಟ್ರ್ಯಾಕ್ ಇರುವ ಸ್ಪ್ರೂ, ಅಂದರೆ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು, ತೆಗೆದು ನೋಡಿ. ಕಂಪನಿ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕಿಟ್ ಮಾಡಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಈ ನಂಬಿಕೆ ನನಗೆ ಬಂದದ್ದು ಒಂದೇ ಟಿ-55 ಅನ್ನು ಎರಡು ಕಂಪನಿಗಳ ಕಿಟ್‌ನಿಂದ ಕಟ್ಟಿದ ಮೇಲೆ.

ಮೊದಲು ಕಟ್ಟಿದ್ದು ತಮಿಯಾದ 1/35 ಟಿ-55ಎ, 2002ರ ಕಿಟ್. ಜಪಾನಿನ ಶಿಜುವೊಕಾದ ಈ ಕಂಪನಿ ಮೊದಲು ಮರದ ವ್ಯಾಪಾರದಲ್ಲಿತ್ತು. 1/35 ಅನ್ನುವ ವಿಚಿತ್ರ ಅಳತೆ ಬಂದದ್ದೂ ಇವರಿಂದಲೇ. 1960ರ ದಶಕದ ಆರಂಭದಲ್ಲಿ ಮೋಟಾರು ಹಾಕಿ ಓಡಿಸುವ ಪ್ಯಾಂಥರ್ ಟ್ಯಾಂಕು ಮಾಡುವಾಗ ಒಳಗೆ ಎರಡು ಬ್ಯಾಟರಿ ಕೂರಬೇಕಿತ್ತು. ಅದಕ್ಕೆ ಬೇಕಾದಷ್ಟು ಅಗಲ ಇಟ್ಟಾಗ ಅಳತೆ 35ರಲ್ಲಿ ಒಂದು ಪಾಲಿನ ಹತ್ತಿರ ಬಂದು ನಿಂತಿತು. ಇವತ್ತು ಪ್ರಪಂಚದ ಬಹುಪಾಲು ಟ್ಯಾಂಕ್ ಕಿಟ್‌ಗಳು ಆ ಬ್ಯಾಟರಿಗಳ ಲೆಕ್ಕದಲ್ಲೇ ನಡೆಯುತ್ತಿವೆ. ತೋಪು ಮುಂದೆ ಚಾಚಿದಾಗ ನಿಜವಾದ ಟಿ-55ರ ಉದ್ದ 9 ಮೀಟರ್. 35ರಿಂದ ಭಾಗಿಸಿದರೆ 25.7 ಸೆಂಟಿಮೀಟರ್. ಪುಸ್ತಕದ ಕಪಾಟಿಗೆ ಹೇಳಿ ಮಾಡಿಸಿದ ಗಾತ್ರ.

ತಮಿಯಾ ಕಿಟ್ ಕಟ್ಟುವುದೇ ಒಂದು ಸುಖ. ಎರಡು ಭಾಗ ಹಿಡಿದು, ಸಂದಿಗೆ ತೆಳು ಅಂಟಿನ ಬ್ರಷ್ ತಾಗಿಸಿದರೆ ಅಂಟು ತಾನೇ ಒಳಗೆ ಹರಿಯುತ್ತದೆ. ಸಂದಿ ತುಂಬುವ ಪುಟ್ಟಿಯ ಡಬ್ಬಿ ನಾನು ತೆರೆಯಲೇ ಇಲ್ಲ. ದಿನಾ ಆಫೀಸಿನಿಂದ ಬಂದು ಒಂದೊಂದು ಗಂಟೆ ಕೂತೆ, ಎರಡು ವಾರದೊಳಗೆ ಬಣ್ಣಕ್ಕೆ ಸಿದ್ಧವಾಯಿತು. ಟ್ರ್ಯಾಕ್ ಮಾತ್ರ ಮೆತ್ತನೆಯ ಬೆಲ್ಟಿನಂಥದ್ದು. ಸುತ್ತಿ ಅಂಟಿಸಿದರೆ ಮುಗಿಯಿತು, ಆದರೆ ರಬ್ಬರ್‌ಬ್ಯಾಂಡಿನ ಹಾಗೆ ಬಿಗಿದು ನಿಲ್ಲುತ್ತದೆ. ನಾನು ಮಡ್‌ಗಾರ್ಡ್ ಕೆಳಗಿನ ಗೋಡೆಗೆ ಸಣ್ಣ ತೂತು ಕೊರೆದು, ಪ್ರತಿ ಎರಡು ಚಕ್ರಗಳ ನಡುವೆ ಒಂದೊಂದು ಗುಂಡುಸೂಜಿಯ ತುಂಡು ತೂರಿಸಿ, ಬೆಲ್ಟನ್ನು ಅದರಡಿ ಒತ್ತಿ ಕೂರಿಸಿದೆ. ಜೋಲು ಬಂತು. ಮಡಿಕೇರಿಯಲ್ಲಿ ನೋಡಿದಷ್ಟು ಸಹಜವಾಗಿ ಮಾತ್ರ ಬರಲಿಲ್ಲ.

ಎರಡನೆಯದು ಮಿನಿಆರ್ಟ್‌ನ ಕಿಟ್. 2001ರಲ್ಲಿ ಶುರುವಾದ ಈ ಕಂಪನಿ ಇರುವುದು ಯುಕ್ರೇನಿನ ಕೀವ್‌ನಲ್ಲಿ. 2022ರ ಫೆಬ್ರವರಿಯಲ್ಲಿ ರಷ್ಯಾ ದಾಳಿ ಶುರುವಾದ ನಂತರವೂ ಅಲ್ಲಿಂದ ಹೊಸ ಕಿಟ್‌ಗಳು ಬರುತ್ತಲೇ ಇವೆ. ಪೆಟ್ಟಿಗೆ ಕೈಗೆ ಬಂದಾಗಲೆಲ್ಲ ಅದು ನೆನಪಾಗಿ ಒಂದು ಕ್ಷಣ ಸುಮ್ಮನೆ ಹಿಡಿದುಕೊಳ್ಳುತ್ತೇನೆ. ನಾನು ಕೊಂಡದ್ದು ಒಳಾಂಗಣವೂ ಇರುವ ಆವೃತ್ತಿ: ಎಂಜಿನ್, ಗುಂಡುಗಳ ರ್ಯಾಕು, ಚಾಲಕನ ಸೀಟು, ಸನ್ನೆಗಳು ಎಲ್ಲ. ತಮಿಯಾದಲ್ಲಿ ಒಂದೇ ತುಂಡಾಗಿ ಬರುವ ಜಾಗದಲ್ಲಿ ಇಲ್ಲಿ ನಾಲ್ಕೈದು. ಕೆಲವು ಅಕ್ಕಿ ನುಚ್ಚಿಗಿಂತ ಚಿಕ್ಕವು.

ಟ್ರ್ಯಾಕಿಗೆ ಬರೋಣ. ಒಂದು ಬದಿಗೆ 90 ಕೊಂಡಿ, ಎರಡೂ ಬದಿಗೆ 180, ಒಂದೊಂದೂ ಬೇರೆ. ಸ್ಪ್ರೂನಿಂದ ಕತ್ತರಿಸಬೇಕು, ಕತ್ತರಿಸಿದ ಜಾಗದಲ್ಲಿ ಉಳಿಯುವ ಗುರುತನ್ನು ಬ್ಲೇಡಿನಿಂದ ಕೆರೆದು ನುಣುಪು ಮಾಡಬೇಕು, ಆಮೇಲೆ ಅಂಟಿಸಬೇಕು. ಟೇಬಲ್ ಲ್ಯಾಂಪಿನ ಕೆಳಗೆ ಉಕ್ಕಿನ ಅಡಿಕೋಲು ಇಟ್ಟು, ಅದರ ಅಂಚಿಗೆ ಹತ್ತತ್ತು ಕೊಂಡಿ ಸಾಲಾಗಿ ಒತ್ತಿ ಜೋಡಿಸುತ್ತಿದ್ದೆ. ಅಂಟು ಪೂರ್ತಿ ಒಣಗುವ ಮೊದಲು, ಸುಮಾರು ಅರ್ಧ ಗಂಟೆಯೊಳಗೆ, ಇಡೀ ಸರವನ್ನು ಚಕ್ರಗಳ ಮೇಲೆ ಹಾಸಬೇಕು. ಆಗ ಅದು ಇನ್ನೂ ಬಾಗುತ್ತದೆ. ಚಕ್ರಗಳ ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿ, ಹತ್ತಿ ಉಂಡೆ ಸಿಕ್ಕಿಸಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ಹತ್ತಿ ತೆಗೆದಾಗ ಅಲ್ಲಿತ್ತು ನೋಡಿ, ಸನ್ನಿಸೈಡಿನ ಟ್ಯಾಂಕಿನ ಅದೇ ಜೋಲು! ಕಾಫಿ ಆರಿ ಹೋಗುವ ತನಕ ನೋಡುತ್ತ ಕೂತಿದ್ದೆ.

ಆ ಟ್ಯಾಂಕು ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಮಧ್ಯೆ ಒಂದು ತಿಂಗಳು ಮುಟ್ಟಲೇ ಇಲ್ಲ. ಮೊದಲ ಸಲ ಕಿಟ್ ಕೊಳ್ಳುವವರಿಗೆ ಇದನ್ನು ಕೊಟ್ಟರೆ ಅರ್ಧ ಕಟ್ಟಿದ ಪೆಟ್ಟಿಗೆ ಅಟ್ಟ ಸೇರುತ್ತದೆ. ಆದರೆ ಟ್ಯಾಂಕಿನ ಹೊಟ್ಟೆಯಲ್ಲಿ ನಾಲ್ಕು ಜನ ಎಷ್ಟು ಇಕ್ಕಟ್ಟಿನಲ್ಲಿ ಕೂರುತ್ತಿದ್ದರು ಅನ್ನುವುದು ನನಗೆ ಅರ್ಥವಾದದ್ದು ಅದನ್ನು ಕಟ್ಟಿದಾಗಲೇ.

ಉಳಿದ ಕಂಪನಿಗಳ ಬಗ್ಗೆ ಸ್ವಲ್ಪ. ಹಾಂಗ್‌ಕಾಂಗಿನ ಡ್ರ್ಯಾಗನ್‌ನ ಬಲ ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕುಗಳು. ಅವರ ಮ್ಯಾಜಿಕ್ ಟ್ರ್ಯಾಕ್‌ನಲ್ಲಿ ಕೊಂಡಿಗಳು ಮೊದಲೇ ಬಿಡಿಸಿ ಚೀಲದಲ್ಲಿ ಬರುತ್ತವೆ, ಕತ್ತರಿಸುವ ಕೆಲಸವೇ ಇಲ್ಲ. ಚೀನಾದ ಮೆಂಗ್‌ನ ಟಿ-90ರಲ್ಲಿ ಟ್ರ್ಯಾಕ್ ನಿಜವಾಗಿಯೂ ತಿರುಗುತ್ತದೆ. ಚೀನಾದ್ದೇ ಆದ ಟ್ರಂಪೆಟರ್‌ನ ದೊಡ್ಡ ಗುಣ ಬೇರೆ: ಹೆಚ್ಚು ಜನ ಮುಟ್ಟದ ವಾಹನಗಳನ್ನು ಅವರು ಮಾಡುತ್ತಾರೆ. 1971ರ ನವೆಂಬರಿನಲ್ಲಿ ಗರೀಬ್‌ಪುರದಲ್ಲಿ ನಮ್ಮ 45 ಕ್ಯಾವಲ್ರಿ ರೆಜಿಮೆಂಟ್ ಪಾಕಿಸ್ತಾನದ ಚಾಫೀ ಟ್ಯಾಂಕುಗಳನ್ನು ಎದುರಿಸಿದ ಪಿಟಿ-76 ಟ್ಯಾಂಕು ನನಗೆ ಸಿಕ್ಕಿದ್ದು ಅವರ ಪೆಟ್ಟಿಗೆಯಲ್ಲೇ. ಇನ್ನೊಂದು ಕಂಪನಿಯ ಕಿಟ್‌ನಲ್ಲಿ ಟ್ಯಾಂಕಿನ ಒಡಲಿನ ಕೆಳಭಾಗ ತಿರುಚಿಕೊಂಡಿತ್ತು, ಬಿಸಿನೀರಿನಲ್ಲಿ ಅದ್ದಿ ನೇರ ಮಾಡಬೇಕಾಯಿತು. ಒಂದೇ ಪೆಟ್ಟಿಗೆ ನೋಡಿ ಕಂಪನಿಯನ್ನೇ ದೂರುವುದು ಸರಿಯಲ್ಲ, ಹೆಸರು ಬೇಡ.

ನಮ್ಮ ಸೇನೆಯ ಟ್ಯಾಂಕು ಮಾಡುವವರಿಗೆ ಒಂದು ಮಾತು ಹೇಳಲೇಬೇಕು. ಟಿ-55 ಮತ್ತು ಟಿ-55ಎ ಒಂದೇ ಅಲ್ಲ. ಮೊದಲಿನದರ ಮುಂದಿನ ಇಳಿಜಾರು ಫಲಕದ ನಡುವೆ ಮೆಷಿನ್‌ಗನ್ನಿಗೆ ಒಂದು ಪುಟ್ಟ ತೂತು ಇರುತ್ತದೆ, ಎ ಮಾದರಿಯಲ್ಲಿ ಅದನ್ನು ತೆಗೆದರು. 1971ರಲ್ಲಿ ನಮ್ಮವರ ಬಳಿ ಇದ್ದದ್ದು 100 ಮಿಲಿಮೀಟರ್ ತೋಪು. ಅದರ ಹೊಗೆ ಹೀರುವ ಉಬ್ಬು ಬಾಯಿಯ ಹತ್ತಿರವೇ ಇರುತ್ತದೆ. ಮುಂದೆ 105 ಮಿಲಿಮೀಟರಿನ ತೋಪು ಕೂರಿಸಿದಾಗ ಉಬ್ಬು ನಳಿಕೆಯ ನಡುಭಾಗಕ್ಕೆ ಸರಿಯಿತು. ಯಾವ ವರ್ಷದ ಟ್ಯಾಂಕು ಅಂತ ತೀರ್ಮಾನಿಸದೆ ಅಂಟು ಮುಟ್ಟಬೇಡಿ. 105 ಬೇಕಾದರೆ ಲೋಹದ ನಳಿಕೆಯನ್ನು ಬೇರೆ ಕೊಳ್ಳಬೇಕಾಗುತ್ತದೆ.

ಈಗ ಮೇಜಿನ ಮೇಲಿರುವುದು ಮೂರನೇ ಟಿ-55. ಒಡಲೂ ಅದರ ಮೇಲೆ ತಿರುಗುವ ತೋಪಿನ ಗೋಪುರವೂ ತಮಿಯಾದ್ದು. ಟ್ರ್ಯಾಕ್ ಮಿನಿಆರ್ಟ್‌ನದು, ಅವರು ಅದನ್ನು ಪ್ರತ್ಯೇಕ ಸೆಟ್ಟಾಗಿಯೂ ಮಾರುತ್ತಾರೆ. ಮುಂದಿನ ಫಲಕದ ನಡುವೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು ಕೈಡ್ರಿಲ್ಲಿನಿಂದ ಆ ತೂತು ಕೊರೆದಾಯಿತು. ಎಡಬದಿಯ 90 ಕೊಂಡಿ ಮುಗಿದಿವೆ. ಬಲಬದಿಯಲ್ಲಿ ನಿನ್ನೆ ರಾತ್ರಿಗೆ 34 ಆಗಿತ್ತು.