ಎಫ್‌ಎಂಗೆ ಕನ್ನಡ ಹಾಡು ಜೋಡಿಸಿದ್ದು: ನನ್ನ ಅನುಭವ

ನಾನು ಆರ್‌ಜೆ ಅಲ್ಲ. ಬೆಂಗಳೂರಿನ ಒಂದು ಖಾಸಗಿ ಎಫ್‌ಎಂನಲ್ಲಿ ಹಾಡು ಜೋಡಿಸುವುದು ನನ್ನ ಕೆಲಸ. ಯಾವ ಹಾಡು ಎಷ್ಟು ಗಂಟೆಗೆ, ಯಾವುದರ ಹಿಂದೆ ಯಾವುದು ಅಂತ ಹಿಂದಿನ ದಿನವೇ ಕೂತು ಲಾಗ್ ಮಾಡಿ ಸ್ಟುಡಿಯೋಗೆ ಕಳಿಸಬೇಕು. ಆರ್‌ಜೆ ತಮಗೆ ತೋಚಿದ ಹಾಡು ಹಾಕುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ ಸ್ವಾಮಿ.

ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ನಮ್ಮೂರಲ್ಲೇ. 2001ರ ಜುಲೈ 3, ರೇಡಿಯೋ ಸಿಟಿ. ಆಗ ನಾನು ಕಾಲೇಜಿನಲ್ಲಿದ್ದೆ, ಕಿವಿಗೆ ಬೀಳುತ್ತಿದ್ದುದು ಜಾಸ್ತಿ ಹಿಂದಿ, ಇಂಗ್ಲಿಷ್. ಕನ್ನಡ ಹಾಡು ಬೇಕೆಂದರೆ ಆಕಾಶವಾಣಿಗೇ ತಿರುಗಿಸಬೇಕಿತ್ತು. ಖಾಸಗಿ ಎಫ್‌ಎಂಗಳು ಸರ್ಕಾರಕ್ಕೆ ಕಟ್ಟಬೇಕಿದ್ದ ಮೊದಲ ಸುತ್ತಿನ ಲೈಸೆನ್ಸ್ ಶುಲ್ಕ ವರ್ಷಕ್ಕೆ ಶೇ 15 ಏರುತ್ತಾ ಹೋಗುವಂಥದ್ದು, ಅದನ್ನು ಕಟ್ಟಿ ಬದುಕುವುದೇ ಕಷ್ಟ. 2005ರಲ್ಲಿ ಅದು ಹೋಗಿ, ಒಂದು ಸಲದ ಪ್ರವೇಶ ಶುಲ್ಕ ಮತ್ತು ಆದಾಯದಲ್ಲಿ ಶೇ 4 ಅಂತ ಆಯಿತು. ಮರುವರ್ಷವೇ ಮಿರ್ಚಿ, ಬಿಗ್, ಇಂಡಿಗೋ ಸ್ಟೇಷನ್‌ಗಳೆಲ್ಲ ಬಂದವು. ಆ ಡಿಸೆಂಬರ್ 29ಕ್ಕೆ 'ಮುಂಗಾರು ಮಳೆ' ತೆರೆಗೆ ಬಂತು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಕನ್ನಡ ಹಾಕಬೇಕಾ ಅನ್ನುವ ಪ್ರಶ್ನೆಯೇ ಇರಲಿಲ್ಲ, ಎಷ್ಟು ಹಾಕಬೇಕು ಅನ್ನುವುದಷ್ಟೇ.

ಹೊಸ ಹಾಡಿಗೆ ಸಿಡಿ ಬರುತ್ತಿತ್ತು. ಹಳೆಯದೇ ತಲೆನೋವು. ಹಕ್ಕಿನ ಕಾಗದ ಇದ್ದರೂ ಕಿವಿಗೆ ಹಿತವಾಗುವ ಪ್ರತಿ ಸಿಗುತ್ತಿರಲಿಲ್ಲ. ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಒಂದು ಡ್ಯುಯೆಟ್ ತೀರಾ ಎಳೆದ ಹಾಗೆ ಕೇಳುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ನಮ್ಮ ಡೆಕ್ಕೇ ನಿಧಾನಕ್ಕೆ ಓಡುತ್ತಿದೆ ಅಂತ. ಅಷ್ಟರಲ್ಲಿ ಇಳಿಸಿದ್ದ ಮೂವತ್ತು ಚಿಲ್ಲರೆ ಹಾಡು ಮತ್ತೆ ಮೊದಲಿನಿಂದ.

ಆಮೇಲೆ ಪ್ರತಿ ಹಾಡನ್ನೂ ಪೂರ್ತಿ ಕೇಳಿ ವಿವರ ತುಂಬಬೇಕು: ಗಾಯಕ, ಚಿತ್ರ, ಸಂಗೀತ, ವೇಗ, ದನಿ ಶುರುವಾಗುವುದು ಎಷ್ಟನೇ ಸೆಕೆಂಡಿಗೆ, ಕೊನೆಗೆ ಫೇಡ್ ಆಗುತ್ತಾ, ತಟ್ಟನೆ ನಿಲ್ಲುತ್ತಾ. ಆರ್‌ಜೆಗಳಿಗೆ ಬೇಕಾದದ್ದು ಆ ಸೆಕೆಂಡಿನ ಲೆಕ್ಕ, ದನಿ ಬರುವುದರೊಳಗೆ ಮಾತು ಮುಗಿಸಬೇಕಲ್ವಾ. ಹಳೆಯ ಹಾಡುಗಳಲ್ಲಿ ಪಲ್ಲವಿಗೆ ಮೊದಲು ಅರ್ಧ ನಿಮಿಷ ವಯಲಿನ್ ಹರಿಯುವುದುಂಟು, ಅಂಥದ್ದು ಸಿಕ್ಕಿದರೆ ಅವರಿಗೆ ಹಬ್ಬ.

ನಿಜವಾದ ಪಾಠ ಕಲಿಸಿದ್ದು ಹಾಡು ಜೋಡಿಸುವ ಸಾಫ್ಟ್‌ವೇರ್. ಅದರಲ್ಲೊಂದು ನಿಯಮ, ಆರ್ಟಿಸ್ಟ್ ಸೆಪರೇಶನ್ ಅಂತ. ಒಬ್ಬ ಗಾಯಕರ ಹಾಡು ಬಂದರೆ ಇಂತಿಷ್ಟು ಹೊತ್ತು ಅವರದೇ ಇನ್ನೊಂದು ಬರಬಾರದು. ಎರಡು ಗಂಟೆ ಅಂತ ಕೊಟ್ಟು ಲಾಗ್ ಓಡಿಸಿದೆ. ಹಳೇ ಹಾಡಿನ ಗಂಟೆ ಪೂರ್ತಿ ಕೆಂಪು, ಹತ್ತು ಜಾಗ ಖಾಲಿ! ಹೀಗೂ ಆಗುತ್ತಾ? ಆಗುತ್ತೆ, ಎಂಬತ್ತರ ದಶಕದ ಕನ್ನಡದಲ್ಲಿ ಹೀರೋ ಯಾರೇ ಇರಲಿ ದನಿ ಎಸ್‌ಪಿಬಿಯದು, ಹೀರೋಯಿನ್ ಯಾರೇ ಇರಲಿ ಎಸ್. ಜಾನಕಿಯವರದು. ಇನ್ನೂ ಹಿಂದಕ್ಕೆ ಹೋದರೆ ಪಿ.ಬಿ. ಶ್ರೀನಿವಾಸ್, ಆಮೇಲೆ ತಮಗೆ ತಾವೇ ಹಾಡಿಕೊಂಡ ರಾಜ್‌ಕುಮಾರ್. ನಾಲ್ಕು ಜನರನ್ನು ಎರಡು ಗಂಟೆ ದೂರ ಕೂರಿಸಿದರೆ ಉಳಿಯುವುದೇನು? ಬೇರೆ ದೇಶದ ಪಾಪ್ ಸ್ಟೇಷನ್ನಿಗೆ ಮಾಡಿದ ನಿಯಮ ಅದು. ಗಾಯಕರ ಅಂತರ ಹದಿನೈದು ನಿಮಿಷಕ್ಕೆ ಇಳಿಸಿ, ಚಿತ್ರ ಮತ್ತು ನಾಯಕನ ಅಂತರ ಹೆಚ್ಚಿಸಿದೆ. ಕೇಳುಗರಿಗೆ ಬೇಜಾರಾಗುವುದು ಒಂದೇ ಚಿತ್ರದ ಎರಡು ಹಾಡು ಬಂದಾಗ, ಒಂದೇ ದನಿ ಬಂದಾಗ ಅಲ್ಲ.

ಆಮೇಲೂ ಒಂದು ಸಂಜೆ ಎಸ್‌ಪಿಬಿ ಮೂರು ಸಲ ಸಾಲಾಗಿ ಬಂದರು. ತಪ್ಪು ನನ್ನದೇ. ಒಂದು ಕಡೆ 'ಎಸ್‌ಪಿಬಿ', ಇನ್ನೊಂದು ಕಡೆ ಪೂರ್ತಿ ಹೆಸರು, ಮತ್ತೊಂದು ಕಡೆ ಸುಮ್ನೆ 'ಬಾಲು' ಅಂತ ತುಂಬಿದ್ದೆ. ಸಾಫ್ಟ್‌ವೇರಿಗೆ ಅವರು ಮೂರು ಜನ.

2020ರ ಸೆಪ್ಟೆಂಬರ್ 25ರ ಮಧ್ಯಾಹ್ನ ಅವರು ತೀರಿಕೊಂಡರು. ಕೊರೊನಾ ಕಾಲ, ಮನೆಯಿಂದಲೇ ಲಾಗಿನ್ ಆದೆ. ಅಂತರದ ಜಾಗದಲ್ಲಿ ಸೊನ್ನೆ ಒತ್ತಿ, ಗಾಯಕರ ಹೆಸರಿನಲ್ಲಿ ಅವರೊಬ್ಬರನ್ನೇ ಆರಿಸಿ ರಾತ್ರಿ ಹನ್ನೆರಡರವರೆಗೆ ಲಾಗ್ ಓಡಿಸಿದೆ. ಒಂದು ಜಾಗವೂ ಕೆಂಪಾಗಲಿಲ್ಲ.