ಈ ಸಲ ನೆಲವೇ ಡೊಂಕಾಗಿತ್ತು

ಮೀಟರ್ ತಪ್ಪು ತೋರಿಸಿದಾಗ ಪೈಪಿನ ಕಡೆ ಬೆರಳು ಮಾಡುವ ನಮ್ಮಂತಹ ಇನ್‌ಸ್ಟ್ರುಮೆಂಟ್ ವಿಭಾಗದವರನ್ನು, ಅಂದರೆ ಕಾರ್ಖಾನೆಯ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವವರನ್ನು ಕಂಡರೆ ಉತ್ಪಾದನೆಯವರಿಗೆ ನೆನಪಾಗುವುದು ಒಂದೇ ಗಾದೆ: ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಅದನ್ನು ಹತ್ತಾರು ಸಲ ಕೇಳಿಸಿಕೊಂಡಿದ್ದೇನೆ, ಅರ್ಧದಷ್ಟು ಸಲ ತಪ್ಪು ನನ್ನದೇ ಆಗಿತ್ತು. ಈಗ ಹೇಳುವುದು ಉಳಿದರ್ಧಕ್ಕೆ ಸೇರಿದ ಒಂದು ಪ್ರಸಂಗ.

ಸಂಗ್ರಹ ಟ್ಯಾಂಕಿನಿಂದ ಬಳಕೆಯ ಟ್ಯಾಂಕಿಗೆ ತೆಳು ಕಾಸ್ಟಿಕ್ (ಕ್ಷಾರ) ದ್ರಾವಣ ಹೋಗುವ 100 ಮಿ.ಮೀ. ಪ್ಲಾಸ್ಟಿಕ್ ಪೈಪು. ಅದರಲ್ಲಿ ಹರಿವನ್ನು ಅಳೆಯುವ ಒಂದು ವಿದ್ಯುತ್ಕಾಂತೀಯ ಫ್ಲೋ ಮೀಟರ್. ಟ್ಯಾಂಕಿನ ಅಳತೆಗೋಲಿನ ಪ್ರಕಾರ 40 ಘನ ಮೀಟರ್ ಖಾಲಿಯಾದಾಗ ಮೀಟರು 46 ಎನ್ನುತ್ತಿತ್ತು. ಮೀಟರಿನ ಲೆಕ್ಕ ಮಾಡಿ ಸಂಕೇತ ಕಳಿಸುವ ಭಾಗವಾದ ಟ್ರಾನ್ಸ್‌ಮಿಟರನ್ನು ಹೊಸದು ಹಾಕಿದರೂ ಅದೇ 46.

ಈ ಮೀಟರಿನ ಒಳಗೆ ತಿರುಗುವ ಚಕ್ರವಿಲ್ಲ, ಹರಿವಿಗೆ ಅಡ್ಡ ಬರುವ ಯಾವ ಭಾಗವೂ ಇಲ್ಲ. ಹೊರಗಿನ ಸುರುಳಿಗಳು ಪೈಪಿಗೆ ಅಡ್ಡಲಾಗಿ ಕಾಂತಕ್ಷೇತ್ರ ಹುಟ್ಟಿಸುತ್ತವೆ. ವಿದ್ಯುತ್ ಹರಿಯಗೊಡುವ ದ್ರವ ಅದರ ನಡುವೆ ಸಾಗಿದಾಗ ಎದುರುಬದುರಿನ ಎರಡು ಎಲೆಕ್ಟ್ರೋಡುಗಳ ನಡುವೆ ವೋಲ್ಟೇಜ್ ಏಳುತ್ತದೆ. ವೇಗ ಇಮ್ಮಡಿಯಾದರೆ ವೋಲ್ಟೇಜೂ ಇಮ್ಮಡಿ. ಇದು ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆಯ ನಿಯಮ. 1832ರಲ್ಲಿ ಆತ ಲಂಡನ್ನಿನ ವಾಟರ್‌ಲೂ ಸೇತುವೆಯಿಂದ ಥೇಮ್ಸ್ ನದಿಗೆ ತಾಮ್ರದ ತಗಡುಗಳನ್ನು ಇಳಿಬಿಟ್ಟು, ಭೂಮಿಯ ಕಾಂತಕ್ಷೇತ್ರವನ್ನೇ ನಂಬಿ ಹರಿವ ನೀರಿನಲ್ಲಿ ಏಳುವ ಈ ವೋಲ್ಟೇಜನ್ನು ಅಳೆಯಲು ಹೋಗಿ ಸೋತಿದ್ದ. ನಿಯಮ ಕಂಡುಹಿಡಿದವನಿಗೇ ನದಿ ಕೈಕೊಟ್ಟಿತ್ತು ಎನ್ನುವುದು ಇಂತಹ ದಿನಗಳಲ್ಲಿ ನನಗೆ ಸಮಾಧಾನ ಕೊಡುತ್ತದೆ.

ಏಳುವ ವೋಲ್ಟೇಜ್ ಬಹಳ ಚಿಕ್ಕದು. ನಮ್ಮ ಪೈಪಿನಲ್ಲಿ ಸೆಕೆಂಡಿಗೆ 2 ಮೀಟರ್ ವೇಗವಿದ್ದರೆ, ಕಾಂತಕ್ಷೇತ್ರದ ಬಲ 5 ಮಿಲಿಟೆಸ್ಲಾ ಎಂದುಕೊಂಡರೂ, ಸಿಗುವುದು ಹೆಚ್ಚುಕಡಿಮೆ 1 ಮಿಲಿವೋಲ್ಟ್. ಎಲೆಕ್ಟ್ರೋಡಿನ ಮೇಲೆ ರಾಸಾಯನಿಕ ಕ್ರಿಯೆಯಿಂದ ತಾನಾಗಿ ಹುಟ್ಟುವ ವೋಲ್ಟೇಜೇ ಇದಕ್ಕಿಂತ ದೊಡ್ಡದಿರಬಹುದು. ಆದ್ದರಿಂದ ಮೀಟರು ಸೆಕೆಂಡಿಗೆ ಹಲವು ಬಾರಿ ಕ್ಷೇತ್ರದ ದಿಕ್ಕನ್ನು ತಿರುಗಿಸಿ, ಎರಡು ಓದುವಿಕೆಗಳ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ.

ಇಷ್ಟೆಲ್ಲ ಜಾಣತನವಿದ್ದರೂ ಅದಕ್ಕೆ ತಿಳಿಯುವುದು ವೇಗ ಮಾತ್ರ. ಆ ವೇಗವನ್ನು ಪೈಪಿನ ಪೂರ್ತಿ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿ, ಸೆಕೆಂಡಿಗೆ 2 ಮೀಟರ್ ಇದ್ದರೆ ಗಂಟೆಗೆ 56.5 ಘನ ಮೀಟರ್ ಎಂದು ಬರೆಯುತ್ತದೆ. ಪೈಪು ತುಂಬಿದೆಯೋ ಇಲ್ಲವೋ ಎಂಬುದು ಅದರ ಲೆಕ್ಕದಲ್ಲಿಲ್ಲ.

ಇದನ್ನು ಬಲ್ಲ ನಾನು ಮೊದಲ ದಿನವೇ ಪೈಪು ನೋಡಲು ಹೋಗಬೇಕಿತ್ತು. ಹೋಗಲಿಲ್ಲ. ಕುಳಿತಲ್ಲೇ ವ್ಯಾಸ, ಸೆನ್ಸರಿನ ಸ್ಥಿರಾಂಕ, ಮೀಟರು ತನ್ನ ಓದುವಿಕೆಯನ್ನು ಕಳಿಸುವ 4ರಿಂದ 20 ಮಿಲಿಆಂಪಿಯರ್ ಸಂಕೇತ ಎಲ್ಲವನ್ನೂ ಪರೀಕ್ಷಿಸಿದೆ, ಎಲ್ಲವೂ ಸರಿಯಾಗಿತ್ತು. ಮೂರನೆಯ ದಿನ ಏಣಿ ಹತ್ತಿದೆ. ಮೀಟರನ್ನು ಇಡೀ ಮಾರ್ಗದ ಅತಿ ಎತ್ತರದ ಅಡ್ಡ ಪೈಪಿನಲ್ಲಿ ಕೂರಿಸಿದ್ದರು. ಅದರ ಮುಂದೆಯೇ ದ್ರಾವಣ ತೆರೆದ ಟ್ಯಾಂಕಿಗೆ ಧುಮುಕುತ್ತಿತ್ತು. ಬೆರಳಿನ ಗೆಣ್ಣಿನಿಂದ ಪೈಪು ತಟ್ಟಿದರೆ ಕೆಳಭಾಗದಲ್ಲಿ ಗಟ್ಟಿ ಸದ್ದು, ಮೇಲ್ಭಾಗದಲ್ಲಿ ಟೊಳ್ಳು. ಅಂದರೆ ಪೈಪು ತುಂಬಿರಲಿಲ್ಲ. ಎಲೆಕ್ಟ್ರೋಡುಗಳು ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಇರುವುದರಿಂದ ಎರಡೂ ದ್ರಾವಣದಲ್ಲಿ ಮುಳುಗಿಯೇ ಇದ್ದವು. ಹಾಗಾಗಿ ಖಾಲಿ ಪೈಪಿನ ಎಚ್ಚರಿಕೆಯೂ ಮೊಳಗಿರಲಿಲ್ಲ.

ಮೀಟರಿನ ಮುಂದಿದ್ದ ವಾಲ್ವನ್ನು ಅರ್ಧ ಮುಚ್ಚಿಸಿದೆ. ಹಿಂದೊತ್ತಡಕ್ಕೆ ಪೈಪು ತುಂಬಿಕೊಂಡಿತು, ಟೊಳ್ಳು ಸದ್ದು ಹೋಯಿತು. ಆ ಸಲದ ಸಾಗಣೆಯಲ್ಲಿ ಅಳತೆಗೋಲೂ ಮೀಟರೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದವು. ಉತ್ಪಾದನೆಯವರು ಗಾದೆ ಹೇಳಲಿಲ್ಲ.

ವಾಲ್ವನ್ನು ಯಾವಾಗಲೂ ಅರ್ಧ ಮುಚ್ಚಿ ಪಂಪು ಓಡಿಸುವುದು ಸರಿಯಲ್ಲವಾದ್ದರಿಂದ ಮೀಟರನ್ನು ಪಂಪಿನಿಂದ ಮೇಲಕ್ಕೇರುವ ನೆಟ್ಟನೆಯ ಪೈಪಿಗೆ ಬದಲಿಸಿದೆವು. ಅಲ್ಲಿ ದ್ರಾವಣ ತುಂಬಿಯೇ ಮೇಲೇರಬೇಕು, ಗುಳ್ಳೆಗಳಿದ್ದರೂ ನಿಲ್ಲದೆ ಹೋಗುತ್ತವೆ. ಬಾಗಿನ ನಂತರ ವ್ಯಾಸದ ಐದು ಪಟ್ಟು, ಅಂದರೆ ಅರ್ಧ ಮೀಟರ್ ನೇರ ಪೈಪು ಬಿಟ್ಟೆವು. ಬಿಚ್ಚಿದ ಮೀಟರಿನ ಎರಡೂ ಬಾಯಿಗೆ ಹಲಗೆ ಕಟ್ಟಿಟ್ಟಿದ್ದೆ. ಫ್ಲ್ಯಾಂಜಿನ (ಪೈಪುಗಳನ್ನು ಬೋಲ್ಟಿನಿಂದ ಜೋಡಿಸುವ ಅಂಚಿನ ಬಳೆ) ಮೇಲೆ ಮಡಿಸಿದ ಟೆಫ್ಲಾನ್ ಒಳಪದರ ಸುಮ್ಮನೆ ಬಿಟ್ಟರೆ ತನ್ನ ಹಳೆಯ ಆಕಾರಕ್ಕೆ ಮರಳುತ್ತದೆ, ಮತ್ತೆ ಸರಿಯಾಗಿ ಕೂರುವುದಿಲ್ಲ.

ಹೊಸ ಜಾಗದಲ್ಲಿ ಇನ್ನೊಂದು ಗೋಳು ಕಾದಿತ್ತು. ಪೈಪು ತುಂಬಿಸಿ ಎರಡೂ ಕಡೆಯ ವಾಲ್ವ್ ಮುಚ್ಚಿದರೂ ಸೊನ್ನೆ ನಿಲ್ಲದು, ಓದುವಿಕೆ ಅತ್ತಿತ್ತ ಅಲೆಯುತ್ತಿತ್ತು. ಪಕ್ಕದಲ್ಲೇ ಪಂಪಿನ ಮೋಟಾರು. ಪ್ಲಾಸ್ಟಿಕ್ ಪೈಪಿನಲ್ಲಿ ದ್ರಾವಣಕ್ಕೆ ಭೂಮಿಯೊಡನೆ ಸಂಬಂಧವೇ ಇಲ್ಲದ್ದರಿಂದ, ಒಂದು ಮಿಲಿವೋಲ್ಟಿನಷ್ಟು ಚಿಕ್ಕ ಸಂಕೇತವನ್ನು ಯಾವುದಕ್ಕೆ ಹೋಲಿಸಿ ಅಳೆಯಬೇಕೋ ಆ ಆಸರೆ ಮೀಟರಿಗೆ ಸಿಕ್ಕಿರಲಿಲ್ಲ. ಫ್ಲ್ಯಾಂಜುಗಳ ನಡುವೆ ಎರಡೂ ಬದಿಗೆ ಲೋಹದ ಅರ್ಥಿಂಗ್ ಉಂಗುರ ಹಾಕಿ ಮೀಟರಿನ ಮೈಗೆ ತಂತಿ ಕಟ್ಟಿದೆವು. ಸಂಕೇತದ ಕೇಬಲನ್ನು ಮೋಟಾರಿನ ಕೇಬಲಿನಿಂದ ದೂರ ಸರಿಸಿದೆವು. ಸೊನ್ನೆ ಸೊನ್ನೆಯಾಯಿತು.

ಮರುದಿನದ ಸಾಗಣೆಯಲ್ಲಿ ಅಳತೆಗೋಲು 40, ಮೀಟರು 39.8. ಆ ವ್ಯತ್ಯಾಸಕ್ಕೆ ನಾನು ಅಳತೆಗೋಲನ್ನು ದೂರಿದೆ. ಮೇಲಿನ ಹಳೆಯ ಜಾಗದಲ್ಲಿ ಈಗ ಬರೀ ಪೈಪಿನ ತುಂಡು ಇದೆ, ಆಪರೇಟರುಗಳು ಮಾತ್ರ ಇಂದಿಗೂ ಅದನ್ನು ಮೀಟರ್ ಜಾಗ ಎಂದೇ ಕರೆಯುತ್ತಾರೆ.